ಮಾನವ ಸಂಪನ್ಮೂಲ ವಿಷಯದಲ್ಲಿ ವಿದೇಶಿ ಪದವಿ: ಯಾವ ದೇಶ ಯಾರಿಗೆ ಹೊಂದುತ್ತದೆ?

ಕಂಪ್ಯೂಟರ್ ವಿಜ್ಞಾನ ಓದಿದವರು ಬರೆದ ಪ್ರೋಗ್ರಾಮ್ ಸಿಯಾಟಲ್‌ನಲ್ಲೂ ಬೆಂಗಳೂರಿನಲ್ಲೂ ಒಂದೇ ರೀತಿ ಓಡುತ್ತದೆ. ಮಾನವ ಸಂಪನ್ಮೂಲ (ಎಚ್‌ಆರ್) ವಿಭಾಗದ ಕೆಲಸಕ್ಕೆ ಆ ಅನುಕೂಲವಿಲ್ಲ. ಸಂಬಳದ ಲೆಕ್ಕ, ರಜೆಯ ಮಂಜೂರಾತಿ, ನೋಟಿಸ್, ಕಾರ್ಮಿಕ ಸಂಘದೊಂದಿಗಿನ ಒಪ್ಪಂದ ಇವೆಲ್ಲ ಆಯಾ ದೇಶದ ಕಾನೂನಿನ ಚೌಕಟ್ಟಿನಲ್ಲಿ, ಆಯಾ ಊರಿನ ಭಾಷೆಯಲ್ಲಿ ನಡೆಯುವ ಕೆಲಸಗಳು. ಹೀಗಾಗಿ ಎಚ್‌ಆರ್ ಓದಲು ವಿದೇಶಕ್ಕೆ ಹೊರಡುವವರು ವಿಶ್ವವಿದ್ಯಾಲಯಗಳ ರ‍್ಯಾಂಕ್ ಪಟ್ಟಿಯನ್ನು ಮುಂದಿಟ್ಟುಕೊಂಡು ದೇಶವನ್ನು ಆರಿಸಿಕೊಳ್ಳುವುದು ಸರಿಯಾದ ಕ್ರಮವಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಕೆಲಸ ಮಾಡಬೇಕೆಂದಿದ್ದೇವೆ ಎಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿನ ಕಾನೂನನ್ನು ಕಲಿಸುವ ಪದವಿಯನ್ನು ಆಮೇಲೆ ಹುಡುಕಬೇಕು. ಇಲ್ಲಿ ಹೇಳಿರುವ ವೀಸಾ ನಿಯಮಗಳು 2025ರ ಕೊನೆಯ ಹೊತ್ತಿನವು. ಅವು ಬೇಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಅಗತ್ಯ.

ಒಂದೇ ಪ್ರಕರಣ, ನಾಲ್ಕು ಊರು

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಒಂದೇ ಪ್ರಕರಣವನ್ನು ನಾಲ್ಕು ಕಡೆ ಇಟ್ಟು ನೋಡಬಹುದು. ನೌಕರರೊಬ್ಬರು ಕೆಲಸಕ್ಕೆ ಸೇರಿ 14 ತಿಂಗಳಾಗಿದೆ, ಕೆಲಸ ತೃಪ್ತಿಕರವಾಗಿಲ್ಲ, ಅವರನ್ನು ತೆಗೆಯಬೇಕೆಂದು ಮ್ಯಾನೇಜರ್ ಎಚ್‌ಆರ್ ಬಳಿ ಬರುತ್ತಾರೆ ಎಂದಿಟ್ಟುಕೊಳ್ಳೋಣ.

ಷಿಕಾಗೋದಲ್ಲಾದರೆ, ಮೊಂಟಾನಾ ಒಂದನ್ನು ಬಿಟ್ಟು ಅಮೆರಿಕದ ಉಳಿದ ರಾಜ್ಯಗಳಲ್ಲಿರುವಂತೆ, ಕಾರಣವನ್ನೂ ನೋಟಿಸ್ಸನ್ನೂ ಕೊಡದೆ ನೌಕರರನ್ನು ಬಿಡಿಸುವ ಹಕ್ಕು ಸಾಮಾನ್ಯವಾಗಿ ಮಾಲೀಕರಿಗಿದೆ. ಎಚ್‌ಆರ್‌ನವರ ಚಿಂತೆ ಬೇರೆಯದು: ಈ ವಜಾ 1964ರ ನಾಗರಿಕ ಹಕ್ಕುಗಳ ಕಾಯ್ದೆ ನಿಷೇಧಿಸುವ ಜನಾಂಗ, ಧರ್ಮ, ಲಿಂಗ ಮುಂತಾದ ತಾರತಮ್ಯದಂತೆ ಕಾಣಬಹುದೇ, ಕಡತದಲ್ಲಿ ಅದನ್ನು ಅಲ್ಲಗಳೆಯುವ ದಾಖಲೆ ಇದೆಯೇ ಎಂಬುದು. ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲಾದರೆ, ಎರಡು ವರ್ಷ ಸೇವೆ ಮುಗಿಸದವರು ಅನ್ಯಾಯದ ವಜಾ ಎಂದು ನ್ಯಾಯಮಂಡಳಿಗೆ ಹೋಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲದಿದ್ದರೂ, 2010ರ ಸಮಾನತೆ ಕಾಯ್ದೆಯಡಿ ತಾರತಮ್ಯದ ದೂರನ್ನು ಮೊದಲ ದಿನದಿಂದಲೇ ಕೊಡಬಹುದು. 2025ರ ಕೊನೆಯಲ್ಲಿ ಅಂಗೀಕಾರವಾದ ಹೊಸ ಕಾಯ್ದೆಯ ಪ್ರಕಾರ ಆ ಎರಡು ವರ್ಷದ ಅವಧಿ 2027ರ ಜನವರಿಯಿಂದ ಆರು ತಿಂಗಳಿಗೆ ಇಳಿಯಲಿದೆ.

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದರೆ ಚಿತ್ರವೇ ಬೇರೆ. ಕಂಪನಿಯಲ್ಲಿ ನೌಕರರು ಆರಿಸಿದ ಮಂಡಳಿ, ಅಂದರೆ ಬೆಟ್ರೀಬ್ಸ್‌ರಾಟ್, ಇದ್ದರೆ ಅದರ ಅಭಿಪ್ರಾಯ ಕೇಳದೆ ಮಾಡಿದ ವಜಾ ಕಾನೂನಿನ 102ನೇ ಕಲಮಿನ ಪ್ರಕಾರ ಅಸಿಂಧು. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಆರು ತಿಂಗಳ ಸೇವೆಯ ನಂತರ ವಜಾಕ್ಕೆ ಕಾನೂನು ಒಪ್ಪುವ ಕಾರಣವೇ ಬೇಕು. ಪತ್ರವನ್ನು ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಕೊಡಬೇಕು. ಇ-ಮೇಲ್‌ನಲ್ಲಿ ಕಳುಹಿಸಿದ ವಜಾಪತ್ರಕ್ಕೆ ಬೆಲೆಯಿಲ್ಲ. ನೌಕರರು ಮೂರು ವಾರಗಳೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಕೊನೆಯದಾಗಿ, ನಮ್ಮ ಪೀಣ್ಯದ ಕಾರ್ಖಾನೆಯೊಂದರಲ್ಲಿ ಆ ವ್ಯಕ್ತಿ ಕಾನೂನಿನ ಅರ್ಥದಲ್ಲಿ ಕಾರ್ಮಿಕರಾಗಿದ್ದು, ದುರ್ನಡತೆಯ ಆರೋಪವೂ ಸೇರಿದ್ದರೆ, ಚಾರ್ಜ್‌ಶೀಟ್, ಡೊಮೆಸ್ಟಿಕ್ ಎನ್‌ಕ್ವೈರಿ, ವಿಚಾರಣಾಧಿಕಾರಿಯ ವರದಿ, ಶೋಕಾಸ್ ನೋಟಿಸ್ ಎಂಬ ಹಾದಿಯನ್ನು ಹಂತಹಂತವಾಗಿ ನಡೆದೇ ಮುಗಿಸಬೇಕು.

ಅಮೆರಿಕದ ಮಿನ್ನೆಸೋಟಾದಲ್ಲಿ ಎರಡು ವರ್ಷ ಓದಿದವರಿಗೆ ಜರ್ಮನಿಯ ಆ 102ನೇ ಕಲಮು ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಒಂದು ದೇಶದಲ್ಲಿ ಓದಿ ಮತ್ತೊಂದರಲ್ಲಿ ಕೆಲಸ ಹುಡುಕುವ ಯೋಜನೆ ಬೇರೆ ವಿಷಯಗಳಲ್ಲಿ ನಡೆದೀತು. ಎಚ್‌ಆರ್‌ನಲ್ಲಿ ಅದು ಕಲಿತದ್ದರಲ್ಲಿ ದೊಡ್ಡ ಪಾಲನ್ನು ಬಿಟ್ಟುಕೊಟ್ಟಂತೆ.

ಇದರ ಜೊತೆಗೆ ಇನ್ನೊಂದು ಇಕ್ಕಟ್ಟಿದೆ. ಹೊಸದಾಗಿ ಸೇರುವವರಿಗೆ ಸಿಗುವ ಎಚ್‌ಆರ್ ಅಸಿಸ್ಟೆಂಟ್, ಎಚ್‌ಆರ್ ಕೋಆರ್ಡಿನೇಟರ್, ರಿಕ್ರೂಟರ್ ಹುದ್ದೆಗಳನ್ನು ಬಹುತೇಕ ದೇಶಗಳ ವಲಸೆ ಇಲಾಖೆಗಳು ವಿದೇಶಿಯರನ್ನು ಕರೆಸಿಕೊಳ್ಳಬೇಕಾದಷ್ಟು ಅಪರೂಪದ ಕೌಶಲವೆಂದು ಪರಿಗಣಿಸುವುದಿಲ್ಲ. ಅರ್ಜಿ ನಮೂನೆಯಲ್ಲಿ “ನಿಮಗೆ ಈಗ ಅಥವಾ ಮುಂದೆ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ?” ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ ಕೂಡಲೇ ಅರ್ಜಿ ಪಕ್ಕಕ್ಕೆ ಸರಿಯುವುದುಂಟು. ಆ ಪ್ರಶ್ನೆಯನ್ನು ನಮೂನೆಗೆ ಸೇರಿಸಿದವರೂ ಎಚ್‌ಆರ್‌ನವರೇ. ಆದ್ದರಿಂದ ಪ್ರತಿ ದೇಶದ ವಿಚಾರದಲ್ಲೂ ಓದಿನ ನಂತರ ಎಷ್ಟು ಕಾಲ ಉಳಿಯಬಹುದು ಎಂಬುದಷ್ಟೇ ಸಾಲದು. ಆ ಕಾಲ ಮುಗಿದ ಮೇಲೆ ಆರಂಭದ ಹಂತದ ಎಚ್‌ಆರ್ ಹುದ್ದೆಗೆ ಕೆಲಸದ ವೀಸಾ ದೊರೆಯುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಬ್ರಿಟನ್

ಬ್ರಿಟನ್‌ನ ದೊಡ್ಡ ಬಲ ಅಲ್ಲಿನ ವೃತ್ತಿ ಸಂಸ್ಥೆಯಾದ ಸಿಐಪಿಡಿ. 1913ರಲ್ಲಿ ಯಾರ್ಕ್ ನಗರದಲ್ಲಿ, ಕಾರ್ಖಾನೆಗಳ ಕ್ಷೇಮಾಭಿವೃದ್ಧಿ ನೌಕರರ ಸಂಘವಾಗಿ ಹುಟ್ಟಿದ ಈ ಸಂಸ್ಥೆ 2000ದಲ್ಲಿ ರಾಜಸನ್ನದನ್ನು ಪಡೆಯಿತು. ಇದರ ಅರ್ಹತೆಗಳು 3, 5 ಮತ್ತು 7 ಎಂಬ ಮಟ್ಟಗಳಲ್ಲಿವೆ. ಸ್ನಾತಕೋತ್ತರ ಪದವಿಗೆ ಸಿಐಪಿಡಿಯ ಮಾನ್ಯತೆಯಿದ್ದರೆ ಓದು ಮುಗಿಯುವ ಹೊತ್ತಿಗೆ 7ನೇ ಮಟ್ಟದ ಶೈಕ್ಷಣಿಕ ಅಗತ್ಯವೂ ಪೂರೈಸಿದಂತಾಗುತ್ತದೆ. ಚಾರ್ಟರ್ಡ್ ಸದಸ್ಯತ್ವಕ್ಕೆ ಮಾತ್ರ ಅನುಭವವನ್ನು ತೋರಿಸಬೇಕು. ಬ್ರಿಟನ್ನಿನ ಉದ್ಯೋಗ ಜಾಹೀರಾತುಗಳಲ್ಲಿ ಈ ಮೂರು ಅಂಕಿಗಳಲ್ಲಿ ಒಂದು ಪದೇಪದೇ ಕಾಣಿಸುತ್ತದೆ. ಹೆಸರಾಂತ ವಿಶ್ವವಿದ್ಯಾಲಯದ ಮಾನ್ಯತೆಯಿಲ್ಲದ ಪದವಿ ಮತ್ತು ಸಾಧಾರಣ ವಿಶ್ವವಿದ್ಯಾಲಯದ ಮಾನ್ಯತೆಯಿರುವ ಪದವಿ ಇವೆರಡರ ನಡುವೆ ಆರಿಸಬೇಕಾಗಿ ಬಂದರೆ, ಬ್ರಿಟನ್ನಿನಲ್ಲೇ ಕೆಲಸ ಹುಡುಕುವವರು ಎರಡನೆಯದರ ಕಡೆ ವಾಲುವುದು ಒಳಿತು. ಭಾರತಕ್ಕೆ ಮರಳುವವರಿಗೆ ಮೊದಲನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಇಲ್ಲಿನ ನೇಮಕಾತಿಯವರು ಗುರುತಿಸುವುದು ವಿಶ್ವವಿದ್ಯಾಲಯದ ಹೆಸರನ್ನು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಮ್ಯಾಂಚೆಸ್ಟರ್, ವಾರ್ವಿಕ್, ಕಾರ್ಡಿಫ್ ಮೊದಲಾದ ಕಡೆ ಕೈಗಾರಿಕಾ ಸಂಬಂಧಗಳ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಯಾವ ಕೋರ್ಸಿಗೆ ಈ ವರ್ಷ ಮಾನ್ಯತೆಯಿದೆ ಎಂಬುದನ್ನು ಮಾತ್ರ ಸಿಐಪಿಡಿಯ ಪಟ್ಟಿಯಲ್ಲೇ ಪರಿಶೀಲಿಸಬೇಕು.

ಓದು ಒಂದೇ ವರ್ಷದ್ದು. ಶುಲ್ಕ ಸಾಮಾನ್ಯವಾಗಿ 20,000ದಿಂದ 35,000 ಪೌಂಡ್‌ಗಳ ನಡುವೆ ಇರುತ್ತದೆ. ಜೀವನ ವೆಚ್ಚಕ್ಕೆಂದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳ ಹಣವನ್ನು ಬ್ಯಾಂಕಿನಲ್ಲಿ ತೋರಿಸಬೇಕು. ಆರೋಗ್ಯ ಸೇವೆಗೆಂದು ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಪ್ರತ್ಯೇಕವಾಗಿ ಕಟ್ಟುತ್ತಾರೆ. 2024ರ ಜನವರಿಯಿಂದ ಇಂತಹ ತರಗತಿ ಆಧಾರಿತ ಪದವಿಗೆ ಹೋಗುವವರು ಪತಿ, ಪತ್ನಿ ಅಥವಾ ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಮದುವೆಯಾದ ಮೇಲೆ ಓದಲು ಹೊರಡುವವರಿಗೆ ಈ ಒಂದು ನಿಯಮವೇ ನಿರ್ಣಾಯಕವಾಗಬಹುದು.

ಓದಿನ ನಂತರ ಗ್ರಾಜುಯೇಟ್ ರೂಟ್ ಎಂಬ ವೀಸಾದಲ್ಲಿ ಎರಡು ವರ್ಷ ಉಳಿಯಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ನಿಜವಾದ ಗೋಡೆ ಅದರಾಚೆ ಇದೆ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ವೇತನ ಮಿತಿ ವರ್ಷಕ್ಕೆ 41,700 ಪೌಂಡ್‌ಗೆ ಏರಿತು. ವಿದ್ಯಾರ್ಥಿ ದೆಸೆಯಿಂದ ಹೊಸದಾಗಿ ಬರುವವರಿಗೆ 33,400 ಪೌಂಡ್‌ನ ರಿಯಾಯಿತಿ ಮಿತಿಯಿದೆ. ಅದೇ ದಿನದಿಂದ ಹುದ್ದೆಯೂ ಪದವಿ ಮಟ್ಟದ್ದೆಂದು ವರ್ಗೀಕರಣವಾಗಿರಬೇಕು. ಎಚ್‌ಆರ್ ಮ್ಯಾನೇಜರ್ ಹುದ್ದೆ ಆ ಮಟ್ಟದಲ್ಲಿದೆ. ಎಚ್‌ಆರ್ ಆಫೀಸರ್ ಹುದ್ದೆ ಅದಕ್ಕಿಂತ ಕೆಳಗಿನ ವರ್ಗದಲ್ಲಿದ್ದು, ಸರ್ಕಾರ ಆಗಾಗ ಪರಿಷ್ಕರಿಸುವ ತಾತ್ಕಾಲಿಕ ಕೊರತೆ ಪಟ್ಟಿಯಂತಹ ವಿನಾಯಿತಿಗಳನ್ನು ನಂಬಿಕೊಳ್ಳಬೇಕಾಗುತ್ತದೆ. ಅನುಭವವಿಲ್ಲದೆ ಹೋದವರು ಎರಡು ವರ್ಷದೊಳಗೆ ಅಸಿಸ್ಟೆಂಟ್ ಹುದ್ದೆಯಿಂದ ಮ್ಯಾನೇಜರ್ ಹುದ್ದೆಗೆ ಏರುವುದು ಕಷ್ಟ. ಬೆಂಗಳೂರಿನಲ್ಲಿ ಐದಾರು ವರ್ಷ ಎಚ್‌ಆರ್ ಬಿಸಿನೆಸ್ ಪಾರ್ಟ್ನರ್ ಆಗಿ ದುಡಿದು ಹೋದವರಿಗೆ ಅದೇ ಗೋಡೆ ಅಷ್ಟು ಎತ್ತರವಾಗಿ ಕಾಣದು.

ಮರಳುವ ಉದ್ದೇಶವಿದ್ದವರಿಗೆ ಬ್ರಿಟನ್ ಅತ್ಯುತ್ತಮ ಆಯ್ಕೆಯೆಂದು ಹೇಳಲು ಅಂಜಬೇಕಾಗಿಲ್ಲ. ಒಂದೇ ವರ್ಷದ ಖರ್ಚು, ಒಂದೇ ವರ್ಷದ ಸಂಬಳ ನಷ್ಟ. 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದಿಂದ ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಭಾರತದಲ್ಲಿ ಮಾನ್ಯತೆಯೂ ಸಿಕ್ಕಿದೆ. ಎರಡು ವರ್ಷದ ಕೆಲಸದ ಅನುಭವವಿರುವವರು ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಬಹುದು. ಅದು ಪೂರ್ಣ ವೆಚ್ಚವನ್ನು ಭರಿಸುತ್ತದೆ, ಪ್ರತಿಯಾಗಿ ಓದಿನ ನಂತರ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತು ಹಾಕುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯೂ ಇದೆ. ಸಾಲ ಮಾಡುವ ಮುನ್ನ ಇವೆರಡರ ಅರ್ಹತಾ ನಿಯಮಗಳನ್ನು ಓದುವುದಕ್ಕೆ ಒಂದು ಸಂಜೆ ಸಾಕು.

ಅಮೆರಿಕ

ಓದಿನ ಗುಣಮಟ್ಟವನ್ನಷ್ಟೇ ನೋಡಿದರೆ ಅಮೆರಿಕಕ್ಕೆ ಸರಿಸಾಟಿ ಕಡಿಮೆ. ನ್ಯೂಯಾರ್ಕ್ ರಾಜ್ಯ 1945ರಲ್ಲಿ ಕಾರ್ನೆಲ್‌ನಲ್ಲಿ ತೆರೆದ ಕೈಗಾರಿಕಾ ಮತ್ತು ಕಾರ್ಮಿಕ ಸಂಬಂಧಗಳ ಶಾಲೆ, ಇಲಿನಾಯ್‌ನ ಅರ್ಬಾನಾ-ಷಾಂಪೇನ್, ಮಿನ್ನೆಸೋಟಾ, ರಟ್ಗರ್ಸ್, ಮಿಷಿಗನ್ ಸ್ಟೇಟ್ ಈ ಕೆಲವು ಕಡೆಗಳಲ್ಲಿ ಎಚ್‌ಆರ್ ಎಂಬುದು ಎಂಬಿಎಯ ಒಂದು ಐಚ್ಛಿಕ ವಿಷಯವಾಗಿರದೆ ಸ್ವತಂತ್ರ ಶಾಸ್ತ್ರವಾಗಿ ಬೆಳೆದಿದೆ. ದೊಡ್ಡ ಕಂಪನಿಗಳು ಎಚ್‌ಆರ್ ನಾಯಕತ್ವದ ತರಬೇತಿ ಯೋಜನೆಗಳಿಗೆ ಇಂತಹ ಕ್ಯಾಂಪಸ್‌ಗಳಿಂದಲೇ ಜನರನ್ನು ಆರಿಸುತ್ತವೆ. ಕಾರ್ಮಿಕ ಇತಿಹಾಸ, ಚೌಕಾಸಿಯ ಸಿದ್ಧಾಂತ, ವೇತನದ ಅರ್ಥಶಾಸ್ತ್ರ ಇವುಗಳಲ್ಲಿ ನಿಜವಾದ ಆಸಕ್ತಿಯಿರುವವರಿಗೆ ಆ ಎರಡು ವರ್ಷಗಳು ತೃಪ್ತಿ ಕೊಡುತ್ತವೆ.

ಪದವಿಯ ನಂತರದ ಲೆಕ್ಕ ಇಷ್ಟು ಸುಖಕರವಲ್ಲ. ಒಪಿಟಿ ಎಂಬ ಕೆಲಸದ ಅನುಮತಿ 12 ತಿಂಗಳದ್ದು. ವಿಜ್ಞಾನ, ತಂತ್ರಜ್ಞಾನ ಪಟ್ಟಿಯಲ್ಲಿರುವ ಪದವಿಗಳಿಗೆ ಮಾತ್ರ ಇನ್ನೂ 24 ತಿಂಗಳು ಸೇರುತ್ತದೆ. ಪದವಿಗಳನ್ನು ವಿಷಯವಾರು ವಿಂಗಡಿಸುವ ಸಂಕೇತಗಳಲ್ಲಿ ಮಾನವ ಸಂಪನ್ಮೂಲ ನಿರ್ವಹಣೆಯ ಸಾಮಾನ್ಯ ಸಂಖ್ಯೆ 52.1001, ಅದು ಆ ಪಟ್ಟಿಯಲ್ಲಿಲ್ಲ. ದತ್ತಾಂಶ ವಿಶ್ಲೇಷಣೆಗೆ ಒತ್ತು ಕೊಟ್ಟು ತಮ್ಮ ಪದವಿಯನ್ನು ಬೇರೆ ಸಂಕೇತದಡಿ ನೋಂದಾಯಿಸಿರುವ ವಿಶ್ವವಿದ್ಯಾಲಯಗಳೂ ಇವೆ. ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಯಾವ ಸಂಖ್ಯೆ ಬರುತ್ತದೆ ಎಂದು ಪ್ರವೇಶಕ್ಕೆ ಒಪ್ಪಿಕೊಳ್ಳುವ ಮೊದಲೇ ಬರಹದ ಮೂಲಕ ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಆ ಆರು ಅಂಕಿಗಳು ಒಂದು ವರ್ಷ ಮತ್ತು ಮೂರು ವರ್ಷಗಳ ನಡುವಿನ ಅಂತರವನ್ನು ನಿರ್ಧರಿಸುತ್ತವೆ.

ಅದರಾಚೆ ಇರುವುದು ಕಂಪನಿಯ ಮೂಲಕ ಪಡೆಯುವ ಕೆಲಸದ ವೀಸಾ, ಎಚ್-1ಬಿ. ವರ್ಷಕ್ಕೆ ಒಟ್ಟು 85,000 ವೀಸಾಗಳಿಗೆ ಲಾಟರಿ ನಡೆಯುತ್ತದೆ. ಹೆಚ್ಚು ವೇತನದವರಿಗೆ ಹೆಚ್ಚು ಅವಕಾಶ ಕೊಡುವಂತೆ ಆಯ್ಕೆಯನ್ನು ಬದಲಿಸುವ ನಿಯಮ 2025ರ ಡಿಸೆಂಬರ್‌ನಲ್ಲಿ ಹೊರಬಿದ್ದಿದ್ದು, ಹೊಸಬರ ಪಾಲಿಗೆ ಅದು ಅನನುಕೂಲವೇ ಸರಿ. 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ 1,00,000 ಡಾಲರ್ ಶುಲ್ಕ ಮುಖ್ಯವಾಗಿ ದೇಶದ ಹೊರಗಿನವರ ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದು. ಅಲ್ಲೇ ಓದಿ ವಿದ್ಯಾರ್ಥಿ ವೀಸಾದಿಂದ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲವೆಂದು ವಲಸೆ ಇಲಾಖೆ ಸ್ಪಷ್ಟಪಡಿಸಿದೆ. ಎಚ್‌ಆರ್‌ನವರಿಗೆ ಇದೆಲ್ಲಕ್ಕೂ ಮಿಗಿಲಾದ ತೊಡಕೊಂದಿದೆ: ಈ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಅನಿವಾರ್ಯ ಎಂದು ಕಂಪನಿ ಸಾಬೀತುಪಡಿಸಬೇಕು. ಮನಶ್ಶಾಸ್ತ್ರ, ವಾಣಿಜ್ಯ, ಇಂಗ್ಲಿಷ್ ಸಾಹಿತ್ಯ ಯಾವುದನ್ನು ಓದಿದವರೂ ಮಾಡಬಹುದಾದ ಕೆಲಸವೆಂಬ ಅಭಿಪ್ರಾಯ ಅಧಿಕಾರಿಗೆ ಬಂದರೆ ಅರ್ಜಿ ನಿಲ್ಲುವುದಿಲ್ಲ. ಭಾರಿ ಸಾಲ ಮಾಡಿ, ಅಲ್ಲೇ ಉಳಿಯುವ ಒಂದೇ ಆಸೆಯಿಂದ ಎಚ್‌ಆರ್ ಓದಲು ಅಮೆರಿಕಕ್ಕೆ ಹೋಗುವುದನ್ನು ನಾನು ಯಾರಿಗೂ ಸೂಚಿಸಲಾರೆ. ಅಮೆರಿಕದ ಎಚ್‌ಆರ್ ವೃತ್ತಿ ಸಂಸ್ಥೆಯಾದ ಎಸ್‌ಎಚ್‌ಆರ್‌ಎಂನ ಪ್ರಮಾಣಪತ್ರದ ಆಕರ್ಷಣೆಯೇ ಕಾರಣವಾಗಿದ್ದರೆ, ಆ ಪರೀಕ್ಷೆಯನ್ನು ಭಾರತದಲ್ಲಿದ್ದುಕೊಂಡೇ ಬರೆಯಬಹುದು.

ಕೆನಡಾ

ಕೆನಡಾದ ವಿಚಾರದಲ್ಲಿ ಹಳೆಯ ಸಲಹೆಯೊಂದು ಇನ್ನೂ ಚಲಾವಣೆಯಲ್ಲಿದೆ: ಒಂಟಾರಿಯೋದ ಕಾಲೇಜಿನಲ್ಲಿ ಒಂದು ವರ್ಷದ ಎಚ್‌ಆರ್ ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟ್ ಮಾಡಿ, ಕಡಿಮೆ ಖರ್ಚಿನಲ್ಲಿ ಕೆಲಸದ ಪರವಾನಗಿ ಪಡೆದುಕೊಳ್ಳಿ ಎಂಬುದು. ಈ ದಾರಿ ಈಗ ಮುಚ್ಚಿದೆ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರ ಕಾಲೇಜು ಕೋರ್ಸುಗಳು ಸರ್ಕಾರ ಗುರುತಿಸಿದ ಕ್ಷೇತ್ರಗಳ ಪಟ್ಟಿಯಲ್ಲಿದ್ದರೆ ಮಾತ್ರ ಓದಿನ ನಂತರದ ಕೆಲಸದ ಪರವಾನಗಿ ದೊರೆಯುತ್ತದೆ. ಆ ಪಟ್ಟಿಯಲ್ಲಿ ಆರೋಗ್ಯ, ಕೃಷಿ, ವಿಜ್ಞಾನ-ತಂತ್ರಜ್ಞಾನ, ಕುಶಲ ಕಸುಬು, ಸಾರಿಗೆಯಂತಹವು ಇವೆ. ಮಾನವ ಸಂಪನ್ಮೂಲ ಇಲ್ಲ. ಕಾಲೇಜುಗಳು ಈ ಸರ್ಟಿಫಿಕೇಟನ್ನು ಈಗಲೂ ಕಲಿಸುತ್ತವೆ, ಊರಿನ ಏಜೆಂಟರು ಈಗಲೂ ಪ್ರವೇಶ ಪತ್ರವನ್ನು ಕೊಡಿಸಬಲ್ಲರು. ಏಜೆಂಟರ ಕಮಿಷನ್ ಬರುವುದು ಪ್ರವೇಶದಿಂದಲೇ ಹೊರತು ಕೆಲಸದ ಪರವಾನಗಿಯಿಂದಲ್ಲ ಎಂಬುದು ನೆನಪಿರಲಿ.

ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಗೆ ಈ ಕ್ಷೇತ್ರದ ನಿರ್ಬಂಧವಿಲ್ಲ. ಎರಡು ವರ್ಷಕ್ಕಿಂತ ಕಡಿಮೆ ಅವಧಿಯ ಪದವಿಯಾದರೂ ಮೂರು ವರ್ಷದವರೆಗಿನ ಪರವಾನಗಿ ಸಿಗುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಕೈಗಾರಿಕಾ ಸಂಬಂಧಗಳು ಮತ್ತು ಮಾನವ ಸಂಪನ್ಮೂಲದ ಪದವಿ, ಯಾರ್ಕ್ ವಿಶ್ವವಿದ್ಯಾಲಯದ ಎಚ್‌ಆರ್ ಪದವಿ ಈ ಬಗೆಯವು, ಪ್ರವೇಶ ಸುಲಭವಲ್ಲ. ಖರ್ಚಿಗಾಗಿ ಒಬ್ಬ ವಿದ್ಯಾರ್ಥಿ ಶುಲ್ಕವನ್ನು ಬಿಟ್ಟು 22,895 ಕೆನಡಿಯನ್ ಡಾಲರ್ ತೋರಿಸಬೇಕು. ವೃತ್ತಿ ಮಾನ್ಯತೆ ಪ್ರಾಂತ್ಯಕ್ಕೊಂದು ಬಗೆ: ಒಂಟಾರಿಯೋದಲ್ಲಿ 2013ರ ಕಾಯ್ದೆಯಡಿ ನಡೆಯುವ ಎಚ್‌ಆರ್‌ಪಿಎ ಸಂಸ್ಥೆ ಸಿಎಚ್‌ಆರ್‌ಪಿ, ಸಿಎಚ್‌ಆರ್‌ಎಲ್ ಎಂಬ ಪದನಾಮಗಳನ್ನು ಕೊಡುತ್ತದೆ, ಬೇರೆ ಹಲವು ಪ್ರಾಂತ್ಯಗಳಲ್ಲಿ ಸಿಪಿಎಚ್‌ಆರ್ ಚಾಲ್ತಿಯಲ್ಲಿದೆ. ಕಾಯಂ ವಾಸಕ್ಕೆ ಅಂಕಗಳ ಆಧಾರದಲ್ಲಿ ಸುತ್ತುಸುತ್ತಾಗಿ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಎಚ್‌ಆರ್ ಹುದ್ದೆ ಅರ್ಹವಾದದ್ದೇ. ಆದರೆ 2025ರಲ್ಲಿ ಕೆನಡಾದ ಅನುಭವವಿರುವವರ ಸುತ್ತುಗಳಲ್ಲೂ 500ಕ್ಕಿಂತ ಹೆಚ್ಚು ಅಂಕ ಬೇಕಾಯಿತು, ಆದ್ಯತೆಯ ಉದ್ಯೋಗ ವರ್ಗಗಳಲ್ಲಿ ಎಚ್‌ಆರ್ ಇರಲಿಲ್ಲ. ಫ್ರೆಂಚ್ ಬಲ್ಲವರ ಸುತ್ತುಗಳಲ್ಲಿ ಮಿತಿ ಗಣನೀಯವಾಗಿ ಕೆಳಗಿರುವುದರಿಂದ, ಭಾಷೆ ಕಲಿಯುವ ಒಲವಿರುವವರು ಎರಡನೆಯ ಪದವಿಯ ಹಣವನ್ನು ಉಳಿಸಿ ಫ್ರೆಂಚ್ ತರಗತಿಗೆ ಸೇರುವುದೇ ಲಾಭದಾಯಕ.

ಆಸ್ಟ್ರೇಲಿಯಾ ಮತ್ತು ಐರ್ಲೆಂಡ್

ಆಸ್ಟ್ರೇಲಿಯಾದಲ್ಲಿ ಭಾರತೀಯರಿಗೆ ಒಂದು ಅನುಕೂಲವಿದೆ: ಎರಡು ದೇಶಗಳ ವ್ಯಾಪಾರ ಒಪ್ಪಂದದ ಕಾರಣ ಸ್ನಾತಕೋತ್ತರ ಪದವಿ ಮುಗಿಸಿದವರು 485 ಎಂಬ ಓದಿನ ನಂತರದ ವೀಸಾದಲ್ಲಿ ಮೂರು ವರ್ಷ ಉಳಿಯಬಹುದು. ಸಾಮಾನ್ಯವಾಗಿ 35 ವರ್ಷ ಮೀರಿರಬಾರದು. ವಿದ್ಯಾರ್ಥಿ ವೀಸಾದ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ಜೀವನ ವೆಚ್ಚಕ್ಕೆ 29,710 ಡಾಲರ್ ತೋರಿಸಬೇಕು. ಎಚ್‌ಆರ್ ದೃಷ್ಟಿಯಿಂದ ಈ ದೇಶ ಕುತೂಹಲಕರವಾದುದು. 2009ರ ಫೇರ್ ವರ್ಕ್ ಕಾಯ್ದೆಯಡಿ ನೂರಕ್ಕೂ ಹೆಚ್ಚು ಅವಾರ್ಡ್‌ಗಳು ಪ್ರತಿ ಉದ್ಯಮದ ಕನಿಷ್ಠ ವೇತನ, ಭಾನುವಾರದ ಹೆಚ್ಚುವರಿ ದರ, ಪಾಳಿ ಭತ್ಯೆಗಳನ್ನು ಗೊತ್ತುಪಡಿಸುತ್ತವೆ. ಉದ್ದೇಶಪೂರ್ವಕವಾಗಿ ಕಡಿಮೆ ಸಂಬಳ ಕೊಡುವುದು 2025ರ ಜನವರಿ 1ರಿಂದ ಕ್ರಿಮಿನಲ್ ಅಪರಾಧ. ಅವಾರ್ಡ್‌ಗಳನ್ನು ಓದಿ ಸಂಬಳದ ಪಟ್ಟಿಗೆ ಇಳಿಸಬಲ್ಲವರಿಗೆ ಹೀಗಾಗಿ ಬೆಲೆಯಿದೆ. ಪೇರೋಲ್‌ನಲ್ಲಿ ಪಳಗಿದವರು ಮೊನಾಷ್ ಅಥವಾ ಸಿಡ್ನಿ ವಿಶ್ವವಿದ್ಯಾಲಯದ ಎಚ್‌ಆರ್ ಪದವಿಯನ್ನು ಗಂಭೀರವಾಗಿ ಪರಿಗಣಿಸಬಹುದು.

ಐರ್ಲೆಂಡ್‌ನಲ್ಲಿ ಒಂದು ವರ್ಷದ ಓದು, ಎರಡು ವರ್ಷದ ವಾಸ್ತವ್ಯ, ಸಿಐಪಿಡಿಯ ಮಾನ್ಯತೆ ಮೂರೂ ಸೇರುತ್ತವೆ. ಗೂಗಲ್, ಮೆಟಾ, ಲಿಂಕ್ಡ್‌ಇನ್‌ನಂತಹ ಕಂಪನಿಗಳ ಯುರೋಪಿನ ಮುಖ್ಯ ಕಚೇರಿಗಳು ಡಬ್ಲಿನ್‌ನಲ್ಲಿರುವುದರಿಂದ ಹಲವು ದೇಶಗಳ ನೌಕರರನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಎಚ್‌ಆರ್ ಕೆಲಸ ಅಲ್ಲಿ ಸಿಗುತ್ತದೆ. ಆದರೆ ಮಾರುಕಟ್ಟೆ ಚಿಕ್ಕದು, ಡಬ್ಲಿನ್‌ನ ಮನೆ ಬಾಡಿಗೆ ಕಣ್ಣು ಕತ್ತಲೆ ಬರಿಸುವಂತಹದು.

ಜರ್ಮನಿ ಮತ್ತು ನೆದರ್ಲೆಂಡ್ಸ್

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ ಎಂಬ ಕಾರಣಕ್ಕೆ ಜರ್ಮನಿಯತ್ತ ಹೊರಳುವವರು ಬಹಳ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೊ ಕಟ್ಟಬೇಕಾದರೂ, ಇತರ ಬಹುತೇಕ ಕಡೆ ಮುಖ್ಯ ಖರ್ಚು ಜೀವನದ್ದು. ಅದಕ್ಕೆ ವರ್ಷಕ್ಕೆ 11,904 ಯೂರೊವನ್ನು ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಭಾರತೀಯರಿಗೆ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಓದಿನ ನಂತರ ಕೆಲಸ ಹುಡುಕಲು 18 ತಿಂಗಳ ಅವಕಾಶವಿದೆ. ಇಷ್ಟೆಲ್ಲ ಇದ್ದೂ, ಎಂಜಿನಿಯರುಗಳಿಗೆ ಒಗ್ಗುವ ಈ ದಾರಿ ಎಚ್‌ಆರ್‌ನವರಿಗೆ ಹಾಗೆಯೇ ಒಗ್ಗುವುದಿಲ್ಲ. ಪಾಳಿಯ ಸಮಯದ ಬಗ್ಗೆ ನೌಕರರ ಮಂಡಳಿಯೊಂದಿಗೆ ಜರ್ಮನ್ ಭಾಷೆಯಲ್ಲಿ ಎರಡು ಗಂಟೆ ವಾದಿಸಿ, ಅಲ್ಲಿ ಒಪ್ಪಿದ್ದನ್ನು ಕಾನೂನಿಗೆ ಹೊಂದುವ ವಾಕ್ಯಗಳಲ್ಲಿ ಬರೆದುಕೊಡಬೇಕಾದ ಕೆಲಸ ಅದು. ಇಂಗ್ಲಿಷಿನಲ್ಲಿ ಪದವಿ ಮುಗಿಸಬಹುದು. ವೃತ್ತಿಗೆ ಸಿ1 ಎಂಬ ಮುಂದುವರಿದ ಮಟ್ಟದ ಜರ್ಮನ್ ಬೇಕು. ಆ ಭಾಷೆಗೆ ಎರಡು ಮೂರು ವರ್ಷ ಕೊಡಲು ಸಿದ್ಧರಿರುವವರು ಮಾತ್ರ ಮುಂದುವರಿಯಲಿ, ಅಂಥವರಿಗೆ ಅಲ್ಲಿ ಪೈಪೋಟಿಯೂ ಕಡಿಮೆ.

ಇಂಗ್ಲಿಷಿನಲ್ಲೇ ಯುರೋಪಿನಲ್ಲಿ ಎಚ್‌ಆರ್ ಮಾಡಬೇಕೆನ್ನುವವರು ನೆದರ್ಲೆಂಡ್ಸ್ ಕಡೆ ನೋಡಬಹುದು. ಟಿಲ್ಬರ್ಗ್ ವಿಶ್ವವಿದ್ಯಾಲಯದ ಹ್ಯೂಮನ್ ರಿಸೋರ್ಸ್ ಸ್ಟಡೀಸ್ ವಿಭಾಗಕ್ಕೆ ಸಂಶೋಧನೆಯಲ್ಲಿ ಒಳ್ಳೆಯ ಹೆಸರಿದೆ, ಪದವಿಯ ನಂತರ ಒಂದು ವರ್ಷದ ಕೆಲಸ ಹುಡುಕುವ ಅವಕಾಶವೂ ಇದೆ.

ಓದದೆಯೂ ಹೋಗಬಹುದಾದ ಕೊಲ್ಲಿ

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಓದುಗರಿಗೆ ಇನ್ನೊಂದು ಹೋಲಿಕೆ ಅಗತ್ಯ. ದುಬೈ, ಅಬುಧಾಬಿಗಳಲ್ಲಿ ಎಚ್‌ಆರ್ ವೃತ್ತಿಗೆ ಅಲ್ಲಿ ಓದಿರಬೇಕೆಂಬ ನಿಯಮವಿಲ್ಲ. ಭಾರತದ ಅನುಭವ, ಜೊತೆಗೆ ಸಿಐಪಿಡಿ ಅಥವಾ ಎಸ್‌ಎಚ್‌ಆರ್‌ಎಂ ಪ್ರಮಾಣಪತ್ರ ಇದ್ದರೆ ಅರ್ಜಿ ಹಾಕಬಹುದು. ಕೆಲಸದ ಸ್ವರೂಪ ಬೇರೆ: ವೀಸಾ ಮತ್ತು ಪರವಾನಗಿ ನವೀಕರಣ, ವೇತನ ರಕ್ಷಣಾ ವ್ಯವಸ್ಥೆಯ ಮೂಲಕ ಸಂಬಳ ಪಾವತಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ನಂತರ 30 ದಿನದ ಮೂಲ ವೇತನದಂತೆ ಗ್ರಾಚ್ಯುಟಿಯ ಲೆಕ್ಕ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳಲ್ಲಿ ಎಮಿರಾತಿಗಳ, ಅಂದರೆ ಅಲ್ಲಿನ ಪ್ರಜೆಗಳ, ನೇಮಕದ ಗುರಿ. ಸೌದಿ ಅರೇಬಿಯಾದಲ್ಲಿ ಹಲವು ಎಚ್‌ಆರ್ ಹುದ್ದೆಗಳು ಅಲ್ಲಿನ ಪ್ರಜೆಗಳಿಗೇ ಮೀಸಲಾಗಿರುವುದರಿಂದ ಅದನ್ನು ಇದರೊಂದಿಗೆ ಸೇರಿಸಿ ಎಣಿಸಬಾರದು.

ಇಲ್ಲೇ ಓದುವುದಕ್ಕೆ ಹೋಲಿಸಿದರೆ

ಮೇಲಿನ ಪ್ರತಿಯೊಂದು ಆಯ್ಕೆಯನ್ನೂ ಭಾರತದ ಒಳ್ಳೆಯ ಸಂಸ್ಥೆಗಳ ಪಕ್ಕದಲ್ಲಿಟ್ಟು ನೋಡದೆ ನಿರ್ಧರಿಸಬಾರದು. 1949ರಲ್ಲಿ ಸ್ಥಾಪನೆಯಾದ ಜಮ್‌ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಮತ್ತು 1936ರಷ್ಟು ಹಳೆಯದಾದ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗಳ ಎಚ್‌ಆರ್ ಪದವಿಗೆ ಭಾರತದಲ್ಲಿರುವ ಮನ್ನಣೆ ವಿದೇಶದ ಸಾಧಾರಣ ವಿಶ್ವವಿದ್ಯಾಲಯದ ಪದವಿಗೆ ಇಲ್ಲ. ಟಾಟಾ ಸಂಸ್ಥೆಯಲ್ಲಿ ಖರ್ಚೂ ಬಹಳ ಕಡಿಮೆ. ಈ ಪ್ರವೇಶ ಪರೀಕ್ಷೆಗಳಲ್ಲಿ ಸೀಟು ಸಿಗದವರು ಹತಾಶೆಯಿಂದ ವಿದೇಶದತ್ತ ಮುಖ ಮಾಡುವುದು ಸಾಮಾನ್ಯವಾಗಿಬಿಟ್ಟಿದೆ. ಅಂತಹವರು ಎರಡು ವರ್ಷ ಕೆಲಸ ಮಾಡಿ ಮತ್ತೊಮ್ಮೆ ಪರೀಕ್ಷೆ ಬರೆಯುವ ಆಯ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಕೆಲಸದ ಅನುಭವವಿರುವವರಿಗೆ ಇನ್ನೊಂದು ಹಾದಿ ತೆರೆದಿದೆ. ಎಚ್‌ಆರ್‌ನ ಎಲ್ಲ ಶಾಖೆಗಳೂ ಕಾನೂನಿಗೆ ಸಮನಾಗಿ ಅಂಟಿಕೊಂಡಿಲ್ಲ. ವರ್ಕ್‌ಡೇ, ಎಸ್‌ಎಪಿ ಸಕ್ಸಸ್‌ಫ್ಯಾಕ್ಟರ್ಸ್‌ನಂತಹ ತಂತ್ರಾಂಶಗಳ ನಿರ್ವಹಣೆ, ವೇತನ ಶ್ರೇಣಿಗಳ ವಿನ್ಯಾಸ, ನೌಕರರ ದತ್ತಾಂಶ ವಿಶ್ಲೇಷಣೆ, ಒಂದು ದೇಶದಿಂದ ಇನ್ನೊಂದಕ್ಕೆ ನೌಕರರನ್ನು ಕಳುಹಿಸುವ ಗ್ಲೋಬಲ್ ಮೊಬಿಲಿಟಿ ಇವು ಗಡಿ ದಾಟಬಲ್ಲ ಕೌಶಲಗಳು. ಬೆಂಗಳೂರಿನ ಹೊರವರ್ತುಲ ರಸ್ತೆಯ ಬಹುರಾಷ್ಟ್ರೀಯ ಕಂಪನಿಗಳ ಕೇಂದ್ರಗಳಲ್ಲಿ ಕುಳಿತು ಬ್ರಿಟನ್ನಿನ ನೌಕರರ 28 ದಿನಗಳ ಕಾನೂನುಬದ್ಧ ರಜೆಯ ಲೆಕ್ಕವನ್ನೋ ಅಮೆರಿಕದ ನೌಕರರ 12 ವಾರಗಳ ವೇತನರಹಿತ ಕುಟುಂಬ ರಜೆಯ ಅರ್ಜಿಯನ್ನೋ ನೋಡುವವರು ಬಹಳ ಜನ ಇದ್ದಾರೆ. ಅವರಲ್ಲಿ ಕೆಲವರಿಗೆ ಅದೇ ಕಂಪನಿಯ ವಿದೇಶಿ ಕಚೇರಿಗೆ ವರ್ಗವಾಗುವ ಅವಕಾಶ ಒದಗುತ್ತದೆ. ಆಗ ವೀಸಾದ ಖರ್ಚು ಕಂಪನಿಯದು, ಸಾಲದ ಮಾತೇ ಇಲ್ಲ. ಹೊರಗೆ ಓದಿ ಮರಳಿದವರಿಗೂ ಈ ಕೇಂದ್ರಗಳಲ್ಲೇ ಹೆಚ್ಚು ಬೆಲೆ, ಏಕೆಂದರೆ ಅವರು ಕಲಿತ ಕಾನೂನು ನಿತ್ಯದ ಬಳಕೆಗೆ ಬರುವುದು ಇಲ್ಲಿಯೇ.

ಕಾರ್ಖಾನೆಯ ಕಡೆಗೆ ಒಲವಿರುವವರ ಮಾತು ಬೇರೆ. ಮಂಗಳೂರಿನ ರೋಶನಿ ನಿಲಯದಂತಹ ಸಮಾಜಕಾರ್ಯ ಶಾಲೆಗಳಲ್ಲಿ ಎಂಎಸ್‌ಡಬ್ಲ್ಯು ಓದಿ ಬಿಡದಿ, ಹೊಸಪೇಟೆ, ಬೆಳಗಾವಿಯ ಕಾರ್ಖಾನೆಗಳಲ್ಲಿ ಕ್ಷೇಮಾಧಿಕಾರಿಗಳಾಗುವ ಪರಂಪರೆ ನಮ್ಮಲ್ಲಿ ಹಳೆಯದು. ಅಲ್ಲಿ ಕಾರ್ಮಿಕರೊಂದಿಗೆ ಕನ್ನಡದಲ್ಲಿ ಮಾತಾಡಬಲ್ಲವರೇ ಬೇಕು, ಕ್ಷೇಮಾಧಿಕಾರಿಯ ವಿದ್ಯಾರ್ಹತೆಯನ್ನು ನಿಯಮಗಳೇ ಗೊತ್ತುಪಡಿಸುತ್ತವೆ. ವಿದೇಶಿ ಪದವಿಗೆ ಆ ನಿಯಮಗಳಡಿ ಮನ್ನಣೆಯಿದೆಯೇ ಎಂದು ಕಾರ್ಖಾನೆಗಳ ಇಲಾಖೆಯಲ್ಲಿ ವಿಚಾರಿಸದೆ ಈ ವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಓದಲು ಹೋಗುವುದು ವ್ಯರ್ಥ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಕಡ್ಡಾಯವಾಗಿದ್ದ ಕ್ಷೇಮಾಧಿಕಾರಿ ಹುದ್ದೆ ಹೊಸ ಸಂಹಿತೆಯಲ್ಲಿ 250 ಕಾರ್ಮಿಕರಿದ್ದರೇ ಕಡ್ಡಾಯ.